ಕೊಡೆ ಅಂಗಡಿಗೆ ಹೋದ ಕೂಗು

“ಹೋಓಓಯ್... ಹೋಯ್! ಮಳೆ ಬಂತೋ, ಕೊಡೆ ಬಂತೋ, ಗೋವಿಂದನ್ ಕೊಡೆ ಬಂತೋ!”

ಕಲ್ಲೂರಿನ ಚಹಾದಂಗಡಿಯ ರೇಡಿಯೊ ಕಿರುಚಿತು. ಬೆಂಚಿನ ಮೇಲಿದ್ದವರೆಲ್ಲ ಮುಖ ಸಿಂಡರಿಸಿದರು.

“ಇದೊಂದು ಪರಸ್ಯ! ತಲೆ ಚಿಟ್ಟು ಹಿಡಿಸ್ತದೆ,” ಎಂದು ಮುದುಕ ಮಾರ ಗೊಣಗಿದ. ಅವನ ಕಂಕುಳಲ್ಲಿ ಇದ್ದದ್ದು ಮಾತ್ರ ಗೋವಿಂದನ್ ಅಂಗಡಿಯ ಹೊಚ್ಚ ಹೊಸ ಕೊಡೆ!

ಮೂಲೆಯಲ್ಲಿದ್ದ ಗೀತುವಿಗೆ ನಗು ತಡೆಯಲಾಗಲಿಲ್ಲ. ಕಲ್ಪೆಟ್ಟದ ಎಫ್‌ಎಂನಲ್ಲಿ ಆ ಪರಸ್ಯ, ಅಂದರೆ ಜಾಹೀರಾತು, ಮಾಡಿದವಳೇ ಅವಳು. ಕೂಗಿನ ಹಿಂದೆ ಬರುವ ಕೊಡೆಯ ಮಾತಿನ ಧ್ವನಿಯೂ ಅವಳದ್ದೇ. ಬೈಯುತ್ತಲೇ ಜನ ಅಂಗಡಿಯ ಹೆಸರು ನೆನಪಿಡುತ್ತಾರೆ ಎಂದು ಮ್ಯಾನೇಜರ್ ಎದುರು ವಾದಿಸಿ ಗೆದ್ದಿದ್ದಳು.

“ಅದನ್ನ ಆಫ್ ಮಾಡಿ ಚೇಟಾ.”

ಅಂಗಡಿಯವನಿಗೆ ಹಾಗೆಂದು ಬಾಗಿಲಲ್ಲಿ ನಿಂತವನನ್ನು ಕಂಡು ಅವಳು ಮಡಿಲಲ್ಲಿದ್ದ ಹೊಸ ಕೊಡೆಯನ್ನು ಸರಿಮಾಡಿಕೊಂಡಳು. ಸುಬೀಷ್! ಅವನನ್ನು ನೋಡಲೆಂದೇ ಬಸ್ಸು ಹತ್ತಿ ಬಂದಿದ್ದಳು. ಆದರೆ ಅವನ ಬಲಗೈಗೆ ಪ್ಲಾಸ್ಟರ್...

ಕಳೆದ ಸುಗ್ಗಿಗೆ ಮೊದಲು ಅವಳು ಇವನ ಗದ್ದೆಗೆ ಬಂದಿದ್ದಳು. ಕಾಡಂಚಿನ ಈ ಊರಲ್ಲಿ ಮರದ ಮೇಲೆ ಏರುಮಾಡ ಕಟ್ಟಿ ಕಾವಲು ಕೂರುತ್ತಾರೆ. ಆನೆ ಕಂಡವನು ಕೂಗಬೇಕು. ಕೇಳಿದವನು ಮರುಕೂಗು ಕೊಟ್ಟು, ಡಬ್ಬ ಬಡಿಯುತ್ತ ಓಡಿ ಬರಬೇಕು. ಅದನ್ನೆಲ್ಲ ವಿವರಿಸಿ, ಅವಳಿಗಾಗಿ ನಗುನಗುತ್ತ ಕೂಗಿ ತೋರಿಸಿದ್ದ. ಕಾರ್ಯಕ್ರಮಕ್ಕೆಂದು ಧ್ವನಿಮುದ್ರಿಸಿಕೊಂಡ ಆ ಕೂಗನ್ನು ಅವಳು ಅವನನ್ನು ಕೇಳದೆ ಕೊಡೆಗೆ ಅಂಟಿಸಿದ್ದಳು.

“ಏನಾಯ್ತು ಸುಬೀಷ್?”

“ಮೊನ್ನೆ ಸಂಜೆ ಆನೆ ಬಂತು. ಗಂಟಲು ಹರಿಯೋ ಹಾಗೆ ಕೂಗ್ದೆ...” ಅವನು ಅವಳತ್ತ ನೋಡಲಿಲ್ಲ. “ಒಬ್ರೂ ಮರುಕೂಗು ಕೊಡ್ಲಿಲ್ಲ.”

ಮಾರ ತಲೆ ತಗ್ಗಿಸಿದ. “ಕೇಳ್ಸಿತ್ತು ಮೋನೆ, ಕೇಳ್ಸಿತ್ತು ಮಗಾ. ರೇಡಿಯೊ ಅಂದ್ಕೊಂಡು ಸುಮ್ನಾದೆ.”

“ಇಳಿದು ಓಡುವಾಗ ಬಿದ್ದೆ. ಗದ್ದೆ ಪೂರಾ ತುಳಿದು ಹೋಯ್ತು. ಇನ್ನು ಉಳಿದವರ ಬೆಳೆ ಹೇಗೆ ಕಾಯೋದು? ಕೂಗಿದ್ರೆ ಯಾರು ನಂಬ್ತಾರೆ?” ಕೊನೆಗೂ ಅವನು ಗೀತುವಿನತ್ತ ತಿರುಗಿದ. “ಕಾರ್ಯಕ್ರಮಕ್ಕೆ ಅಂದಿದ್ರಿ ನೀವು. ಕೊಡೆ ಮಾರೋಕೆ ಅಂದಿದ್ರೆ ನಾನು ಕೂಗ್ತಿರ್ಲಿಲ್ಲ.”

ಅವನು ಹೊರಟುಹೋದ. ಅವನಿಗೆಂದು ತಂದ ಕೊಡೆ ಅವಳ ಮಡಿಲಲ್ಲೇ ಉಳಿಯಿತು.

‘ಒಂದು ಮಾತು ಕೇಳಬಹುದಿತ್ತಲ್ಲ! ಬೇಡ ಅಂದುಬಿಟ್ಟರೆ ಎಂದು ಹೆದರಿ ತಾನೇ ಕೇಳದೆ ಇದ್ದದ್ದು?’ ಬಸ್ಸಿನುದ್ದಕ್ಕೂ ಮನಸ್ಸು ಅವಳನ್ನೇ ಚುಚ್ಚಿತು.

ಕಲ್ಪೆಟ್ಟದಲ್ಲಿ ಗೋವಿಂದನ್ ಹೌಹಾರಿದರು. “ನಿಲ್ಸೋದಾ? ಮಳೆಗೆ ಮೊದ್ಲೇ ಗೋದಾಮು ಖಾಲಿ ಮೋಳೆ, ಖಾಲಿ ಮಗಳೇ! ಬೈಯೋರೇ ಬಂದು ತಗೊಳ್ತಾರೆ.”

“ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದಕ್ಕೇ ನಿಲ್ಲಿಸಬೇಕು, ಚೇಟಾ.”

ಅವರು ಒಪ್ಪಲಿಲ್ಲ. ಮರುದಿನ ಬೆಳಗಿನ ಕಾರ್ಯಕ್ರಮದಲ್ಲಿ ಗೀತು ನೇರವಾಗಿ ಹೇಳಿಬಿಟ್ಟಳು. “ಅದು ಕಾವಲಿನ ಕೂಗು. ಕೇಳದೆ ತೆಗೆದುಕೊಂಡವಳು ನಾನು. ಕೂಗು ಕೇಳಿಸಿದರೆ ದಯವಿಟ್ಟು ರೇಡಿಯೊ ಅಂದುಕೊಳ್ಳಬೇಡಿ... ಓಡಿ ಹೋಗಿ!”

ಅಷ್ಟಾದ ಮೇಲೆ ಗೋವಿಂದನ್ ತಾವಾಗಿಯೇ ಜಾಹೀರಾತು ನಿಲ್ಲಿಸಿದರು. ಮ್ಯಾನೇಜರ್ ಮಾತ್ರ ಕೆಂಡವಾಗಿ, ಅವಳ ಕಾರ್ಯಕ್ರಮವನ್ನು ಬೇರೆಯವರಿಗೆ ಕೊಟ್ಟರು.

ಸಂಜೆ ಅವಳು ಮತ್ತೆ ಕಲ್ಲೂರಿನ ಗದ್ದೆಯ ಬದುವಿನಲ್ಲಿದ್ದಳು. ಪ್ಲಾಸ್ಟರ್ ಕೈಯಲ್ಲೇ ಸುಬೀಷ್ ಮಾರನ ಏರುಮಾಡದಲ್ಲಿ ಕಾವಲು ಕೂತಿದ್ದ. ಕಾಡಂಚಿನಲ್ಲಿ ಬಿದಿರು ಲಟಲಟ ಮುರಿಯಿತು.

“ಹೋಓಓಯ್... ಹೋಯ್!”

ಯಾರೂ ಉತ್ತರಿಸಲಿಲ್ಲ. ಗೀತು ಎರಡೂ ಕೈಗಳನ್ನು ಬಾಯಿಯ ಸುತ್ತ ಹಿಡಿದಳು. ಕಣ್ಣುಮುಚ್ಚಿ, ಇದ್ದ ಉಸಿರನ್ನೆಲ್ಲ ಸೇರಿಸಿ ಕೂಗಿದಳು. “ಹೋಓಓಯ್!”

ಒಂದು ಕ್ಷಣ... ಆಚೆಯಿಂದ ಮಾರ ಕೂಗಿದ. ಅದರಾಚೆ ಇನ್ನೊಬ್ಬ. ನಾಲ್ಕೂ ಕಡೆಯಿಂದ ಡಬ್ಬಗಳ ಬಡಿತ ಕೇಳಿಸಿತು. ಬಿದಿರಿನ ಸದ್ದು ನಿಧಾನವಾಗಿ ಕಾಡಿನೊಳಕ್ಕೆ ಸರಿಯಿತು.

ಸುಬೀಷ್ ಇಳಿದು ಬಂದ.

“ಕ್ಷಮಿಸಿ ಅನ್ನೋಕೂ ನಂಗೆ ಮುಖ ಇಲ್ಲ...” ಗೀತುವಿನ ಕಣ್ಣು ತುಂಬಿತು.

“ನನ್ ತಪ್ಪೂ ಇದೆ. ಅಂಗಡೀಲಿ ಹೇಳ್ಲಿಲ್ಲ.” ಅವನು ಕಾಲಬೆರಳಲ್ಲಿ ಮಣ್ಣು ಕೆದಕಿದ. “ಆ ಪರಸ್ಯ ಬರೋ ಹೊತ್ತಿಗೆ ದಿನಾ ಸಂಜೆ ಏರುಮಾಡದಲ್ಲಿ ರೇಡಿಯೊ ಜೋರಾಗಿ ಇಡ್ತಿದ್ದೆ. ಅದಕ್ಕೇ ಅವತ್ತು ಎಲ್ರೂ ನನ್ ರೇಡಿಯೊ ಅಂದ್ಕೊಂಡ್ರು.”

“ಯಾಕೆ? ಸಿಟ್ಟು ಬರ್ತಿರ್ಲಿಲ್ವಾ?”

“ಬರ್ತಿತ್ತು. ಆದ್ರೆ ನನ್ ಕೂಗಿನ ಹಿಂದೇನೇ ನಿಮ್ ಧ್ವನಿ ಬರ್ತಿತ್ತಲ್ಲ... ಮರುಕೂಗಿನ ಹಾಗೆ.”

ಗೀತು ಅಳುತ್ತಲೇ ನಕ್ಕಳು. “ಕರ್ಕಶವಾಗಿತ್ತಲ್ವಾ?”

“ತುಂಬಾ. ತಲೆಯಿಂದ ಹೋಗ್ತಾನೇ ಇಲ್ಲ.”

“ಇನ್ಮೇಲೆ ರೇಡಿಯೊದಲ್ಲಿ ಬರಲ್ಲ, ಸುಬೀಷ್.”

“ಇಲ್ಲಿಗೇ ಬಂದ್ಬಿಡಿ. ನಾನು ಕೂಗ್ತೇನೆ.”

ಅವಳು ಕಣ್ಣೊರೆಸಿಕೊಂಡಳು. ಅವನಿಗಷ್ಟೇ ಕೇಳುವಷ್ಟು ಮೆಲ್ಲಗೆ ಅಂದಳು.

“ಹೋಯ್...”