ಸೈರನ್ ಇದ್ದ ಕ್ಯಾಸೆಟ್

“ಕ್ಯಾಸೆಟ್ಟಿನ ಆ ತೂತಿಗೆ ಕಾಗದ ತುರುಕು ತಾಯಿ. ತಿರುಗಿ ರೆಕಾರ್ಡ್ ಆಗ್ತದ,” ಎಂದ ಅಪ್ಪ, ಗಣಿ ಬೂಟಿನ ಲೇಸು ಕಟ್ಟುತ್ತ. “ಬಜಾರದ ಅಂಗಡ್ಯಾಗ ಹಾಡು ತುಂಬಾಕ ಕೊಟ್ಟು ಬಾ. ನಿಮ್ಮ ಅತ್ತಿ ಸಿನಿಮಾ ಹಾಡು ಕೇಳ್ಯಾಳ. ಇದು ಸುಮ್ನೆ ಬಿದ್ದದಲ್ಲ?”

ಅಯ್ಯಮ್ಮ ಕಾಗದದ ಉಂಡೆ ತುರುಕಿ ಹೊರಟಳು. ಕ್ಯಾಸೆಟ್ಟಿನ ಮೇಲೆ ಅವಳದೇ ಅಕ್ಷರವಿತ್ತು: ‘ಹಟ್ಟಿ ಕ್ಯಾಂಪ್ ಬ್ಯಾಂಡ್ – ೨’.

ಬ್ಯಾಂಡ್ ಎಂದರೆ ಮೂರೇ ಮಂದಿ. ಖಾಸಿಂಬೀ ಡಬ್ಬ ಬಾರಿಸುವವಳು. ಗೋಪಣ್ಣನದು ಮೌತ್ ಆರ್ಗನ್. ಹಾಡು ಅಯ್ಯಮ್ಮನದು. ಒಂದನೇ ಕ್ಯಾಸೆಟ್ಟಿನ ತುಂಬ ಸಿನಿಮಾ ಹಾಡು. ಅದು ಮನೆಮನೆ ತಿರುಗಿ, ರೀಲು ಸುಕ್ಕಾಗಿ ವಾಪಸ್ಸು ಬಂತು.

ಎರಡನೆಯದು ಅಯ್ಯಮ್ಮನ ಹಟ. “ಈ ಸಲ ನಮ್ಮದೇ ಹಾಡು,” ಎಂದಳು. ಖಾಸಿಂಬೀ ಡಬ್ಬದ ಮೇಲೆ ಚಮಚೆ ಗೀರಿ, ಗುದ್ದಿ, ನೀರಿನ ಬೋರಿಂಗ್ ಪಂಪಿನ ‘ಕಿರ್ರ್-ಧಡ್’ ಸದ್ದು ತಂದಳು. ನಡುವೆ ಗಣಿಯ ಸೈರನ್ ಕೂಗಿತು. ಗೋಪಣ್ಣ ರೆಕಾರ್ಡ್ ನಿಲ್ಲಿಸುವ ಬಟನ್ ಒತ್ತಲು ಹೋದ. ಅಯ್ಯಮ್ಮ ಬಿಡಲಿಲ್ಲ. ಸೈರನ್ನಿನ ಜೊತೆ ತಾನೂ ‘ಊ’ ಎಂದು ರಾಗ ಎಳೆದಳು. ಯಾರೂ ಅಳಿಸಬಾರದೆಂದು ಕ್ಯಾಸೆಟ್ಟಿನ ಹಿಂದಿನ ಪ್ಲಾಸ್ಟಿಕ್ ಚೂರು ಮುರಿದದ್ದೂ ಅವಳೇ. ತೂತು ಆದದ್ದು ಹಾಗೆ.

ಕೇಳಿದವರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದ್ರಾಗ ಹಾಡು ಎಲ್ಲದ?”

“ನಿನ್ನ ಮಾತು ಕೇಳಿ ಎಲ್ಲಾರೂ ನಗೂ ಹಂಗ ಆತು ಬೇ,” ಎಂದಳು ಖಾಸಿಂಬೀ. “ನಾವು ಸಿನಿಮಾ ಹಾಡೇ ಬಾರಸ್ತೀವಿ.”

ಅಂದಿನಿಂದ ಅವರು ಕರೆಯಲು ಬರಲಿಲ್ಲ. ಇವಳೇ ಹೋಗಬಹುದಿತ್ತು. ಆದರೆ ಹಟ ಮಾಡಿದವಳಿಗೆ ಕಾಲು ಏಳಬೇಕಲ್ಲ! ಶಾಲೆಯಲ್ಲಿ ಒಬ್ಬಳೇ ಬುತ್ತಿ ಬಿಚ್ಚುತ್ತಿದ್ದಳು. ಅಳು ಬರುತ್ತಿತ್ತು.

ಬಜಾರದ ದಾರಿಯಲ್ಲೇ ಖಾಸಿಂಬೀ ಮನೆ. ಒಳಗೆ ಮೂರನೇ ಕ್ಯಾಸೆಟ್ಟಿನ ತಯಾರಿ ನಡೆದಿತ್ತು. ಹಾಡಲು ಈಗ ಪಕ್ಕದ ಮನೆಯ ಗ್ಯಾನಮ್ಮ. ಅಯ್ಯಮ್ಮ ಗೋಡೆಯ ಮರೆಯಲ್ಲಿ ನಿಂತಳು.

“ಶುರು ಮಾಡು,” ಎಂದ ಗೋಪಣ್ಣ.

ಸಿನಿಮಾ ಹಾಡಿಗೆ ಮೊದಲು ಡಬ್ಬ ಸದ್ದು ಮಾಡಿತು. ಕಿರ್ರ್-ಧಡ್. ಕಿರ್ರ್-ಧಡ್.

ಅಯ್ಯಮ್ಮ ಗೋಡೆಗೆ ಕಿವಿ ಹಚ್ಚಿದಳು. ಅದು ಎರಡನೇ ಕ್ಯಾಸೆಟ್ಟಿನದು.

ಸೈರನ್ ಬರುವ ಜಾಗ ಬಂತು. ಡಬ್ಬ ಅಲ್ಲಿ ಸ್ವಲ್ಪ ಹೊತ್ತು ಸುಮ್ಮನಾಯಿತು.

“ಯಾಕ ನಿಂತಿ?” ಎಂದಳು ಗ್ಯಾನಮ್ಮ.

“ಏನಿಲ್ಲ. ಅಲ್ಲಿ ನಿಲ್ಲಬೇಕು, ಅಷ್ಟ,” ಎಂದಳು ಖಾಸಿಂಬೀ. ಮತ್ತೆ ಮೊದಲಿನಿಂದ ಬಾರಿಸಿದಳು.

ಈ ಸಲ ಆ ಜಾಗ ಬಂದಾಗ ಅಯ್ಯಮ್ಮ ಗೋಡೆಯಾಚೆಯಿಂದ ಸಣ್ಣಗೆ ‘ಊ’ ಎಂದಳು. ಯಾರಿಗೂ ಕೇಳಿಸಲಿಲ್ಲ. ಒಳಗೆ ಸಿನಿಮಾ ಹಾಡು ಶುರುವಾಯಿತು.

ಅವಳು ಬಜಾರಕ್ಕೆ ಹೋಗಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು, ತಲೆಯ ಪಿನ್ನು ತೆಗೆದು, ತೂತಿನೊಳಗಿನ ಕಾಗದವನ್ನು ಕಿತ್ತು ಹಾಕಿದಳು.