ಎತ್ತಿ ಕುಡಿದ ನೀರು

"ಥೂ!"

ನೀಲಾಂಬಿಕೆಯ ಬಾಯಿಂದ ಹೊರಬಿದ್ದ ಆ ಸದ್ದಿಗೆ ಹಾಸನದ ಕಾಲೇಜಿನ ನೀರಿನ ಕಟ್ಟೆ ಹತ್ತಿರ ಇದ್ದವರೆಲ್ಲ ತಿರುಗಿ ನೋಡಿದರು.

ಜವಾನ ಚಲುವಯ್ಯ ಮಿಕ್ಕ ಹುಡುಗರಿಗೆಲ್ಲ ಲೋಟದಲ್ಲಿ ನೀರು ಕೊಟ್ಟಿದ್ದ. ಯೋಹಾನನಿಗೆ ಮಾತ್ರ ಬೊಗಸೆ ಒಡ್ಡಿಸಿ, ಮಾರುದೂರದಿಂದ ಸುರಿಯುತ್ತಿದ್ದ. ಅರ್ಧ ನೀರು ಅಂಗಿಯ ಮೇಲೆ! ಯೋಹಾನ ಹೊಳೆನರಸೀಪುರದ ಹೊರಕೇರಿಯ ದೊಡ್ಡಯ್ಯನ ಮಗ. ಅಪ್ಪ ಕ್ರೈಸ್ತನಾಗಿ ದೇವರೇ ಬದಲಾಗಿದ್ದರೂ ನೀರು ಸುರಿಯುವ ಕೈ ಬದಲಾಗಿರಲಿಲ್ಲ. ಓದಿದವರ ಜಾಗವಂತೆ ಕಾಲೇಜು! ಹೇಸಿಗೆ ಅಂದರೆ ಇದು.

ನೀಲಾಂಬಿಕೆ ಮನೆಯಿಂದ ತಂದಿದ್ದ ತನ್ನ ಹಿತ್ತಾಳೆ ಚೊಂಬನ್ನು ಅವನ ಮುಂದೆ ಹಿಡಿದಳು.

"ಇದರಲ್ಲಿ ಕುಡೀರಿ."

ಅವನು ಗಲ್ಲ ಒರೆಸಿಕೊಂಡು ಅವಳನ್ನೇ ನೋಡಿದ. "ಆಮೇಲೆ ಒಲೆಗೆ ಹಾಕಿ ಸುಡ್ತೀರಾ?"

"ನಾನು ಅಂಥೋಳಲ್ಲ!"

"ನೀವಲ್ದಿದ್ರೆ ನಿಮ್ಮನೆಯವರು."

ಚೊಂಬು ಮುಟ್ಟದೆಯೇ ಹೊರಟುಹೋದ. ಎಷ್ಟು ಕೊಬ್ಬು! ಅಂದುಕೊಂಡಳು ಹುಡುಗಿ. ಆದರೂ ಆ ಕಣ್ಣು... ಮನೆಯವರೆಗೂ ಹಿಂದೆಯೇ ಬಂದ ಹಾಗಿತ್ತು.

ನೀಲಾಂಬಿಕೆಯ ಅಪ್ಪ ಪಂಚಾಕ್ಷರಯ್ಯ ಚನ್ನರಾಯಪಟ್ಟಣದಲ್ಲಿ ಜವಳಿ ವ್ಯಾಪಾರಿ. ಮಗಳನ್ನು ಹಾಸನದಲ್ಲಿ ದೊಡ್ಡಮ್ಮ ಶಿವಗಂಗಮ್ಮನ ಮನೆಯಲ್ಲಿಟ್ಟು ಓದಿಸುತ್ತಿದ್ದ. ಚಲುವಯ್ಯನ ಚಾಡಿ ಅವಳಿಗಿಂತ ಮೊದಲೇ ಮನೆ ಸೇರಿತ್ತು.

"ಅವುನ್ಗೆ ಚೊಂಬು ಕೊಡಾಕೋಗಿದ್ಯಂತಲ್ಲೇ!"

"ಅವರು ಮುಟ್ಟಲೇ ಇಲ್ಲ ದೊಡ್ಡಮ್ಮ!"

"ಮುಟ್ದೆ ಇದ್ರೇನು, ನೀನು ಕೊಡಾಕೋದ್ಯಲ್ಲ, ಸಾಲ್ದಾ?" ಅಂದವಳೇ ಚೊಂಬನ್ನು ಕೆಂಡದೊಳಕ್ಕೆ ತುರುಕಿದಳು.

ಬೆಳಗ್ಗೆ ವಿಭೂತಿ ಹಚ್ಚಿಕೊಂಡು, ಕುಲವೆಲ್ಲ ಒಂದೇ ಎಂದು ವಚನ ಹೇಳುವ ಬಾಯಿ ಅದು! ಹೇಳೋದು ಶಾಸ್ತ್ರ, ಹಾಕೋದು ಗಾಳ. ಹಿತ್ತಾಳೆ ಕಪ್ಪಾಗುತ್ತಾ ಹೋಯಿತು. ನೀಲಾಂಬಿಕೆಗೆ ಅಂದು ಊಟ ಸೇರಲಿಲ್ಲ. ಅವನು ಹೇಳಿದ್ದೇ ನಿಜವಾಗಿತ್ತಲ್ಲ ಎಂಬುದೇ ಅವಳಿಗೆ ಹೆಚ್ಚು ಉರಿ.

ಆ ಉರಿಯಲ್ಲೇ ಅವಳು ಗೆಳತಿ ಪ್ರೇಮಕುಮಾರಿಯ ಹಿಂದೆ ಹೋದಳು. ಕಾಲೇಜಿನ ಕ್ರೈಸ್ತ ಹುಡುಗ ಹುಡುಗಿಯರು ಸಂಜೆ ಹೊತ್ತು ಒಂದು ಕೋಣೆಯಲ್ಲಿ ಸೇರಿ ಹಾಡಿ, ಪ್ರಾರ್ಥನೆ ಮಾಡುತ್ತಿದ್ದರು. ಯೋಹಾನ ಓದಿ ಹೇಳುತ್ತಿದ್ದ. ಒಂದು ಸಂಜೆ ಯೇಸು ಹುಟ್ಟಿದ ಕಥೆ.

'ಕೊಟ್ಟಿಗೆಯಲ್ಲೇ? ಸಗಣಿ, ಗಂಜಲದ ನಾತದಲ್ಲೇ?' ಅವಳು ಮೂಗು ಮುರಿದಳು. ಮರುಗಳಿಗೆಗೇ ಅನ್ನಿಸಿತು: 'ಎಲ್ಲರೂ ಹೇಸುವ ಜಾಗಕ್ಕೆ ಹೇಸದೆ ಬಂದನಲ್ಲ ಈ ದೇವರು!'

ಅಂದಿನಿಂದ ಆ ಕೋಣೆ ಅವಳಿಗೆ ಮನೆಗಿಂತ ಹೆಚ್ಚಾಯಿತು. ಯೋಹಾನ ಮಾತಾಡಿಸಲು ಶುರುಮಾಡಿದ್ದ, ನಗಲೂ ಕೂಡ. ಹುಡುಗಿ ಮನಸ್ಸು ಕಳೆದುಕೊಂಡಳು ಅಂತ ಬೇರೆ ಹೇಳಬೇಕೇ!

ಕ್ರಿಸ್‌ಮಸ್ಸಿನ ಹಿಂದಿನ ದಿನ ಪ್ರೀತಿಭೋಜನ. ಎರಡನೇ ಮಹಾಯುದ್ಧದ ಕಾಲ, ಸಕ್ಕರೆಗೆ ಬರ. ಬನ್ನು, ಬೆಲ್ಲದ ಕಾಫಿ. ಕೊನೆಗೆ ಎರಡು ಹಿಡಿಕೆಯ ಒಂದು ದೊಡ್ಡ ಬಟ್ಟಲಲ್ಲಿ ನೀರು. ಎಲ್ಲರೂ ಅದಕ್ಕೇ ಬಾಯಿಟ್ಟು ಒಂದೊಂದು ಗುಟುಕು ಕುಡಿದು ಪಕ್ಕದವರಿಗೆ ಕೊಡಬೇಕು. ನಾವೆಲ್ಲ ಒಂದು ಅನ್ನುವುದಕ್ಕೆ ಅದೇ ಗುರುತು.

ಹಾಡಿನ ನಡುವೆ ಬಟ್ಟಲು ಬಾಯಿಂದ ಬಾಯಿಗೆ ಬರುತ್ತಿತ್ತು. ಒಬ್ಬನ ಮೀಸೆ ಅದರಲ್ಲಿ ಅದ್ದಿತು. ಇನ್ನೊಬ್ಬಳ ತುಟಿಯ ಬನ್ನಿನ ಚೂರು ನೀರಲ್ಲಿ ತೇಲಿತು. ಅಯ್ಯಪ್ಪಾ, ಎಂಜಲು! ನೀಲಾಂಬಿಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಪ್ರೇಮಕುಮಾರಿ ಬಟ್ಟಲು ಕೊಟ್ಟಳು. ಅವಳ ನಂತರದ ಸರದಿ ಯೋಹಾನನದು.

ನೀಲಾಂಬಿಕೆಯ ಕೈ ತಾನಾಗಿ ಮೇಲೆದ್ದಿತು. ಬಟ್ಟಲನ್ನು ಎತ್ತಿ, ತುಟಿಗೆ ತಾಗಿಸದೆ ಗಟಗಟ ಬಾಯೊಳಕ್ಕೆ ಸುರಿದುಕೊಂಡಳು. ಅವಳ ಮನೆಯಲ್ಲಿ ಎಲ್ಲರೂ ಕುಡಿಯುವ ಹಾಗೆ.

ಹಾಡು ನಿಂತಿತು.

ಯೋಹಾನ ಬಟ್ಟಲು ತೆಗೆದುಕೊಂಡು, ಕುಡಿಯದೆ ಮೇಜಿನ ಮೇಲಿಟ್ಟ.

"ನಮ್ಮ ಬಾಯಿ ತಾಗಿದ್ದು ಅಷ್ಟು ಅಸಹ್ಯ ಆಯ್ತಾ? ಚಲುವಯ್ಯ ನಿಮಗಿಂತ ವಾಸಿ ಕಣ್ರೀ. ಅವನು ನಗ್ತಾ ಬಂದು ಪಕ್ಕದಲ್ಲಿ ಕೂರಲ್ಲ."

"ಹಾಗಲ್ಲ... ನಾನು..."

ಅವನು ಆಗಲೇ ಹೊರಗೆ ಹೋಗಿದ್ದ. ಕೂತಿದ್ದ ಯಾರೂ ಅವಳ ಮುಖ ನೋಡಲಿಲ್ಲ. ಅಯ್ಯೋ, ಸಿಕ್ಕಿದ್ದ ಒಂದೇ ಕೋಣೆಯೂ ಕೈತಪ್ಪಿತೇ? ಅವಳಿಗೆ ತನ್ನ ಕೈಯನ್ನೇ ಕಂಡು ವಾಕರಿಕೆ ಬಂತು.

ಕ್ರಿಸ್‌ಮಸ್ ಬೆಳಗ್ಗೆ ಕಾಲೇಜಿನ ಅಂಗಳದ ಮರದ ಕೆಳಗೆ ಪ್ರಾರ್ಥನೆ ಮುಗಿದಿತ್ತು. ನೀಲಾಂಬಿಕೆ ಸೀದಾ ನೀರಿನ ಕಟ್ಟೆಗೆ ಹೋಗಿ, ಚಲುವಯ್ಯನ ಮುಂದೆಯೇ ಚೊಂಬಿಗೆ ನೀರು ತುಂಬಿಕೊಂಡಳು.

"ಅಯ್ಯೋ, ಬ್ಯಾಡ ಕಣವ್ವಾ! ದೊಡ್ಡವ್ವಾರು ಮನೆಗೇ ಸೇರ್ಸಲ್ಲ!"

"ಸೇರಿಸದಿದ್ರೆ ಪ್ರೇಮಕುಮಾರಿ ಮನೆ ಇದೆ. ಹೋಗಿ ಹೇಳು, ಅವತ್ತು ಚಾಡಿ ಹೇಳಿದ ಹಾಗೆ!"

ಎಲ್ಲರ ನಡುವೆ ನಡೆದು ಯೋಹಾನನ ಎದುರು ನಿಂತಳು. ಚೊಂಬಿನ ತಳ ಮಸಿ ಕಪ್ಪಾಗಿತ್ತು.

"ನೀವು ಹೇಳಿದ್ದು ನಿಜ. ಸುಟ್ಟರು. ನೀವು ಮುಟ್ಟದಿದ್ದರೂ ಸುಟ್ಟರು."

ಅವನು ಚೊಂಬು ನೋಡಿದ.

"ನಿನ್ನೆ ಎತ್ತಿ ಕುಡಿದದ್ದು... ನನ್ನ ಬಾಯಿ ತಾಗಿದ್ದನ್ನ ನಿಮಗೆ ಹೇಗೆ ಕೊಡಲಿ ಅಂತ ರೀ! ಇನ್ನೊಬ್ಬರಿಗೆ ಎಂಜಲು ಕೊಟ್ಟರೆ ಅದಕ್ಕಿಂತ ಪಾಪ ಇಲ್ಲ ಅಂತ ಹೇಳೇ ಬೆಳೆಸಿದಾರೆ ನನ್ನ."

"ಅಷ್ಟೇನಾ?"

ಅವಳು ತಲೆ ತಗ್ಗಿಸಿದಳು. "ಅಷ್ಟೇ ಅಲ್ಲ. ಹೇಸಿಗೇನೂ ಆಯ್ತು. ಸುಳ್ಳು ಹೇಳಲ್ಲ. ಕೊಟ್ಟಿಗೇಲಿ ಹುಟ್ಟಿದ ದೇವರನ್ನ ನಂಬ್ತೀನಿ ಅಂತೀನಿ, ಒಂದು ಬಟ್ಟಲಿಗೆ ಹೇಸ್ತೀನಿ. ನನ್ನ ಮೇಲೆ ನನಗೇ ಥೂ ಅನ್ನಿಸ್ತಿದೆ. ಆದರೆ ನಿಮ್ಮ ಮೇಲೆ ಯಾವತ್ತೂ ಅನ್ನಿಸಿಲ್ಲ. ನಿಮ್ಮನ್ನ... ನಿಮ್ಮನ್ನ ಬಿಟ್ಟಿರಕ್ಕಾಗಲ್ಲ ನನಗೆ!"

ಅಂದವಳೇ ಚೊಂಬಿಗೆ ತುಟಿಯಿಟ್ಟು ಕುಡಿದಳು. ಒರೆಸಲಿಲ್ಲ. ಹಾಗೇ ಮುಂದೆ ಹಿಡಿದಳು.

ಯೋಹಾನನ ಕಣ್ಣು ತುಂಬಿತ್ತು. ಆದರೂ ತುಟಿಯಲ್ಲಿ ನಗು ಬಂತು.

"ನಾನೂ ಒಂದು ನಿಜ ಹೇಳ್ಲಾ? ನಮ್ಮವ್ವನೂ ಎಂಜಲು ಮುಟ್ಟಬಾರದು ಅಂತಾನೇ ಬೆಳೆಸಿದ್ಲು. ಪ್ರತಿ ವರ್ಷ ಆ ಬಟ್ಟಲು ಬಂದಾಗ ನಂಗೂ ಹೊಟ್ಟೆ ತೊಳೆಸುತ್ತೆ. ನಿನ್ನೆ ಕೋಪ ಮಾಡ್ಕೊಂಡು ಎದ್ದೋದ್ನಲ್ಲ, ಕುಡಿಯೋದು ತಪ್ಪಿತು ಅಂತ ಒಳಗೊಳಗೇ ಸಮಾಧಾನ ಆಯ್ತು!"

"ಅಯ್ಯೋ ಕಳ್ಳ!"

ಅವನು ಚೊಂಬು ತೆಗೆದುಕೊಂಡ. ಅವಳ ತುಟಿ ತಾಗಿದ ಕಡೆಯೇ ತನ್ನ ತುಟಿಯಿಟ್ಟು ನಿಧಾನವಾಗಿ ಕುಡಿದ. ಕಟ್ಟೆ ಹತ್ತಿರ ಚಲುವಯ್ಯ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದ.

"ಹೇಸಿಗೆ ಆಗ್ಲಿಲ್ವಾ?" ಪಿಸುಗುಟ್ಟಿದಳು ನೀಲಾಂಬಿಕೆ.

"ಆಯ್ತು..." ಅಂದ ಅವನು, ಚೊಂಬನ್ನು ಅವಳತ್ತ ಚಾಚಿ. "ನೀನು ಇನ್ನೊಂದು ಗುಟುಕು ಕುಡಿದು ಕೊಡು."