ಮೀನಿಲ್ಲದ ಹೊಗೆ

"ಮಾವ, ಹೊಗೆ! ಮತ್ತೆ ಹೊಗೆ!"

ಪೊಕುವಾ ಕಿರುಚಿದ್ದೇ ತಡ, ಒಪೊಂಗ್ ಮಾವ ಕೆಂಪು ಗುಂಡಿ ಒತ್ತಿದ. ಹಲಗೆ ಕೆತ್ತುವ ಯಂತ್ರ ಗುಂಯ್ ಎನ್ನುತ್ತ ನಿಂತಿತು. ಚೂರು ಹಲಗೆಯ ಮೇಲೆ ಒಂದು ಅಕ್ಷರ ಮೂಡಬೇಕಿತ್ತು. ಮೂಡಿದ್ದು ಬಾಣಲೆಯಲ್ಲಿ ಮರೆತುಬಿಟ್ಟ ಬಾಳೆಹಣ್ಣಿನಂಥ ಕಪ್ಪು ಕಲೆ.

ಎದುರು ಬದಿಯಿಂದ ಆಂಟಿ ಮಾನ್ಸಾ ಕೂಗಿದಳು. ಮೀನನ್ನು ಹೊಗೆಯಲ್ಲಿ ಒಣಗಿಸಿ ಮಾರುವುದು ಅವಳ ಕಸುಬು.

"ಏ ಒಪೊಂಗ್! ನನ್ನ ಹೊಟ್ಟೆ ಮೇಲೆ ಹೊಡೀತೀಯೇನೋ? ಹೊಗೆ ಹಾಕೋದು ನನ್ನ ಕೆಲಸ! ಮೀನೆಲ್ಲಿ, ತೋರ್ಸು!"

"ಮೀನಿಲ್ಲ ಆಂಟಿ, ಬರೀ ಹೊಗೆ," ಎಂದ ಮಾವ, ಬೆವರು ಒರೆಸಿಕೊಳ್ಳುತ್ತ.

ಘಾನಾ ದೇಶದ ಕುಮಾಸಿ ಊರಿನ ಆ ಮರಗೆಲಸದ ಬೀದಿಯೆಲ್ಲ ನಕ್ಕಿತು. ಪೊಕುವಾಗೆ ಮಾತ್ರ ನಗು ಬರಲಿಲ್ಲ. ತಪ್ಪು ಅವಳ ಬಾಯಿಯದು. ಅವಳ ಶಾಲೆಯ ಗೇಟಿನ ಮೇಲಿದ್ದ ಹೆಸರಿನ ಬೋರ್ಡನ್ನು ಗೆದ್ದಲು ತಿಂದಿತ್ತು. "ನಮ್ಮ ಮಾವನ ಹತ್ರ ಕಂಪ್ಯೂಟರ್ ಮೆಷಿನ್ ಇದೆ. ಅವರ್ ಡೇ ದಿನ ಕೆತ್ತಿದ ಬೋರ್ಡು ತರ್ತೀನಿ, ನೋಡ್ತಾ ಇರಿ!" ಎಂದು ಇಡೀ ಕ್ಲಾಸಿನ ಮುಂದೆ ಕೊಚ್ಚಿಕೊಂಡಿದ್ದಳು. ಅವರ್ ಡೇ ಎಂದರೆ ಟರ್ಮಿನ ಕೊನೆಯ ದಿನ. ಪಾಠವಿಲ್ಲ, ಎಲ್ಲರೂ ಅನ್ನ, ಕೋಳಿ, ಬಿಸ್ಕೆಟ್ ತಂದು ಹಂಚಿಕೊಂಡು ತಿನ್ನುವುದು, ಕುಣಿಯುವುದು ಅಷ್ಟೇ.

ಅವಳು ಕೊಚ್ಚಿಕೊಂಡ ಮರುದಿನವೇ ಕರೆಂಟು ಹೋಯಿತು, ಬಂತು, ಹೋಯಿತು, ಬಂತು. ಮೋಟಾರಿನ ವೇಗ ನೋಡಿಕೊಳ್ಳುವ ಡ್ರೈವ್ ಪೆಟ್ಟಿಗೆ ಸುಟ್ಟೇ ಹೋಯಿತು. ಆವತ್ತಿನಿಂದ ಕ್ಲಾಸಿನ ಫ್ರಿಂಪಾಂಗ್ ಅವಳನ್ನು ಕಂಡಾಗಲೆಲ್ಲ ಎದ್ದು ನಿಂತು, "ಗುಡ್ ಮಾರ್ನಿಂಗ್, ಬೋರ್ಡ್ ಮೇಡಮ್!" ಎಂದು ಸೆಲ್ಯೂಟ್ ಹೊಡೆಯುತ್ತಿದ್ದ. ನಾಳೆಯೇ ಅವರ್ ಡೇ.

ಮಾವ ಹೊಸ ಡ್ರೈವ್ ತಂದು ಜೋಡಿಸಿದ್ದೇನೋ ನಿಜ. ಆದರೆ ಮೊದಲು ಮೋಟಾರು ಅಲ್ಲಾಡಲೇ ಇಲ್ಲ.

"ಹೊಸ ಪೆಟ್ಟಿಗೆ ಅಲ್ವಾ, ತನ್ನ ಗುಂಡಿ ಹೇಳಿದ್ದಷ್ಟೇ ಕೇಳತ್ತೆ. ಕಂಪ್ಯೂಟರ್ ಮಾತು ಕೇಳು ಅಂತ ನಾವು ಹೇಳ್ಕೊಡ್ಬೇಕು," ಎಂದು ಮಾವ ಸೆಟ್ಟಿಂಗ್ ಬದಲಿಸಿದ. "ನೀನು ಹೊಸ ಟೀಚರ್ ಮಾತು ಕೇಳೋಕೆ ಎಷ್ಟು ದಿನ ತಗೊಂಡೆ ಹೇಳು?"

ಆಮೇಲೆ ಮೋಟಾರು ತಿರುಗಿತು, ಬಸವನಹುಳುವಿನ ಹಾಗೆ. ಕಾರ್ಖಾನೆಯವರು ಪೆಟ್ಟಿಗೆಗೆ ಸೆಕೆಂಡಿಗೆ ಐವತ್ತು ಸುತ್ತು ದಾಟಬೇಡ ಎಂದು ಹೇಳಿ ಕಳಿಸಿದ್ದರು. ಈ ಮೋಟಾರಿಗೆ ನಾನೂರು ಬೇಕು. ಮಾವ ಅದನ್ನೂ ಸರಿಮಾಡಿದ. ಪುಟ್ಟ ಪರದೆಯ ಮೇಲೆ ನಾನೂರು ಹೊಳೆಯಿತು, ಮೋಟಾರು ಶಿಳ್ಳೆ ಹಾಕಿತು. ಪೊಕುವಾ ಕುಣಿದೇಬಿಟ್ಟಳು. ಆದರೆ ಹಲಗೆಗೆ ಇಳಿಸಿದಾಗ ಬಂದದ್ದು ಈ ಹೊಗೆ.

ಮಾವ ಮೋಟಾರಿನ ತುದಿಯಲ್ಲಿ ಕೆತ್ತುವ ಅಲಗನ್ನು, ಅಂದರೆ ಬಿಟ್ ಅನ್ನು, ಬದಲಿಸಿ ಹೊಸದು ಹಾಕಿದ. ಹೊಗೆ. ವೇಗ ಇಳಿಸಿದ. ಹೊಗೆ. ಏರಿಸಿದ. ಇನ್ನೂ ಜಾಸ್ತಿ ಹೊಗೆ.

"ಬಣ್ಣದಲ್ಲಿ ಬರೆದು ಕೊಟ್ಬಿಡೋಣ ಕಣೇ," ಎಂದ ಕೊನೆಗೆ.

"ಬೇಡ ಮಾವ! ಕೆತ್ತಿದ್ದು ಅಂತ ಹೇಳಿದೀನಿ!"

"ಹಾಗಾದ್ರೆ ನಿನ್ನ ನಾಲಿಗೇಲೇ ಕೆತ್ತು. ಚೆನ್ನಾಗಿ ಚೂಪಾಗಿದೆ."

ಮೂಲೆಯಲ್ಲಿ ಕೂತಿದ್ದ ಅಜ್ಜಿ ನೀರು ಕೇಳಿದಳು. ಪೊಕುವಾ ಲೋಟ ಕೊಟ್ಟಳು.

"ಎಡಗೈ!" ಎಂದಳು ಅಜ್ಜಿ. "ದೊಡ್ಡವರಿಗೆ ಎಡಗೈಲಿ ಕೊಡ್ತಾರೇನೇ? ನಿನ್ನ ಬಲಗೈ ಏನು ಅವರ್ ಡೇಗೆ ಹೋಗಿದ್ಯಾ?"

ಪೊಕುವಾ ಮುಖ ಊದಿಸಿಕೊಂಡು ಕೈ ಬದಲಿಸಿದಳು. ಬರೆಯುವುದು, ಎಸೆಯುವುದು, ಬಾಚುವುದು ಎಲ್ಲವೂ ಅವಳಿಗೆ ಎಡಗೈಯಲ್ಲೇ. ಅದಕ್ಕೆ ಬೈಸಿಕೊಳ್ಳದ ದಿನವಿಲ್ಲ.

ಬಣ್ಣದ್ದೇ ಆದರೆ ಅಕ್ಷರವಾದರೂ ಚೆಂದ ಇರಲಿ ಎಂದು ಅವಳು ಹಲಗೆಯ ಮೇಲೆ ಗೆರೆ ಎಳೆಯಲು ಕೂತಳು. ಪೆನ್ಸಿಲ್ ಮೊಂಡಾಗಿತ್ತು. ಶಾರ್ಪನರಿಗೆ ತೂರಿಸಿ ಸಿಟ್ಟಿನಲ್ಲಿ ಗರಗರ ತಿರುಗಿಸಿದಳು. ಸಿಪ್ಪೆಯೇ ಬರಲಿಲ್ಲ. ಮುಟ್ಟಿ ನೋಡಿದರೆ ಪೆನ್ಸಿಲ್ ತುದಿ ನುಣ್ಣಗೆ, ಬೆಚ್ಚಗೆ.

ಅಯ್ಯೋ, ಮತ್ತೆ ಉಲ್ಟಾ! ಅವಳ ಎಡಗೈ ಯಾವಾಗಲೂ ಹೀಗೇ. ಉಲ್ಟಾ ತಿರುಗಿಸಿದರೆ ಬ್ಲೇಡು ಕೊಯ್ಯುವುದಿಲ್ಲ, ಸುಮ್ಮನೆ ಉಜ್ಜುತ್ತದೆ.

ಪೊಕುವಾ ಮೆಲ್ಲಗೆ ಯಂತ್ರದ ಕೆಳಗೆ ನೋಡಿದಳು. ದಿನಾ ಸಂಜೆ ಅಲ್ಲಿಂದಲೇ ಮರದ ಸಿಪ್ಪೆ ಬಾಚಿ ಆಂಟಿ ಮಾನ್ಸಾಳ ಒಲೆಗೆ ಚೀಲ ತುಂಬಿಸಿ ಕೊಡುತ್ತಿದ್ದಳು. ಇವತ್ತು ಒಂದು ಎಳೆ ಸಿಪ್ಪೆಯೂ ಇಲ್ಲ. ಬರೀ ಕರಿ ಪುಡಿ.

"ಮಾವ... ಮೋಟಾರು ಯಾವ ಕಡೆಗೆ ತಿರುಗ್ತಿದೆ?"

"ಯಾವ ಕಡೆ ಅಂದ್ರೆ? ಮುಂದಕ್ಕೆ ಅಂತ ಪೆಟ್ಟಿಗೇನೇ ಬರ್ಕೊಂಡಿದೆಯಲ್ಲ!"

"ಪೆಟ್ಟಿಗೆ ಹಾಗನ್ಕೊಂಡಿರಬಹುದು. ನೀವು ಕಣ್ಣಾರೆ ನೋಡಿದ್ರಾ?"

ಅಷ್ಟು ಜೋರಾಗಿ ತಿರುಗುವುದನ್ನು ಯಾರ ಕಣ್ಣಿನಿಂದ ಹಿಡಿಯಲಾದೀತು? ಮಾವ ಅವಳ ಮುಖ ನೋಡಿದ, ಅವಳ ಕೈಯಲ್ಲಿದ್ದ ಪೆನ್ಸಿಲ್ ನೋಡಿದ. ಬಿಟ್ ಬಿಚ್ಚಿ, ಮೋಟಾರಿನ ತುದಿಗೆ ಸೀಮೆಸುಣ್ಣದ ಗೆರೆ ಎಳೆದ. ನಾನೂರನ್ನು ಎರಡಕ್ಕೆ ಇಳಿಸಿ ಚಾಲೂ ಮಾಡಿದ.

ಬಿಳಿ ಗೆರೆ ನಿಧಾನವಾಗಿ ಸುತ್ತತೊಡಗಿತು. ಉಲ್ಟಾ.

"ಥೂ ನನ್ನ!" ಎಂದು ಮಾವ ಹಣೆ ಚಚ್ಚಿಕೊಂಡ. "ಬೆಳಗ್ಗಿಂದ ಪೆಟ್ಟಿಗೇನ ಬೈತಿದೀನಿ. ತಂತಿ ಅದಲುಬದಲು ಮಾಡಿದ್ದು ನಾನೇ!"

ಮೇನ್ ಸ್ವಿಚ್ ಆರಿಸಿದ. ಪೊಕುವಾ ಹತ್ತಿರ ಬಂದಾಗ ಗದರಿದ. "ದೂರ ನಿಲ್ಲು. ಆರಿಸಿದ್ರೂ ಒಳಗೆ ಕರೆಂಟು ಕೂತಿರತ್ತೆ." ಪರದೆ ಕಪ್ಪಾದ ಮೇಲೂ ಬಹಳ ಹೊತ್ತು ಕಾದ. ಮೀಟರ್ ಹಿಡಿದು ಪರೀಕ್ಷಿಸಿ, ಮೋಟಾರಿಗೆ ಹೋಗುವ ಮೂರು ತಂತಿಗಳಲ್ಲಿ ಎರಡನ್ನು ಅದಲುಬದಲು ಮಾಡಿದ.

ಈ ಸಲ ಯಂತ್ರ ಒಳ್ಳೆಯ ಹಲಗೆಗೆ ಇಳಿದಾಗ ಹೊಗೆ ಬರಲಿಲ್ಲ. ಕೆಂಗಂದು ಸಿಪ್ಪೆ ಚಿಮ್ಮಿ ಪೊಕುವಾಳ ತಲೆಯ ಮೇಲೆಲ್ಲ ಕೂತಿತು.

"ಏನಾಗಿತ್ತೋ ಅದಕ್ಕೆ?" ಎಂದು ಅಜ್ಜಿ ಕೇಳಿದಳು.

"ಎಡಚ ಆಗಿತ್ತಮ್ಮ. ನಿನ್ನ ಮೊಮ್ಮಗಳೇ ಕಂಡುಹಿಡಿದಿದ್ದು."

ಅಜ್ಜಿ ಮಡಿಲಿನ ಪೊಟ್ಟಣದಿಂದ ಸುಟ್ಟ ಬಾಳೆಕಾಯಿ ತೆಗೆದು ಮೊಮ್ಮಗಳತ್ತ ಚಾಚಿದಳು. ಪೊಕುವಾಳ ಎಡಗೈ ಮುಂದೆ ಹೋಯಿತು, ಅರ್ಧದಲ್ಲೇ ನಿಂತಿತು. ಅಜ್ಜಿ ಗದರಲಿಲ್ಲ. ಆ ಕೈಗೇ ಬಾಳೆಕಾಯಿ ಇಟ್ಟು, ಬೆರಳುಗಳನ್ನು ಮಡಚಿದಳು.

ಮರುದಿನ ಗೇಟಿನ ಮೇಲೆ ಬೋರ್ಡು ಏರಿತು. ಟೀಚರ್ ಚಪ್ಪಾಳೆ ತಟ್ಟಿಸಿದರು. ಫ್ರಿಂಪಾಂಗ್ ಬಾಯಿ ತುಂಬ ಬಿಸ್ಕೆಟ್ ತುಂಬಿಕೊಂಡೇ ಬಂದ.

"ಎಲ್ಲ ಮೆಷಿನ್ ಮಾಡಿದ್ದು ತಾನೇ, ಬೋರ್ಡ್ ಮೇಡಮ್? ನೀನೇನ್ ಮಾಡ್ದೆ?"

ಇಡೀ ಕತೆ ಪೊಕುವಾಳ ನಾಲಿಗೆಯ ತುದಿಗೆ ಓಡಿ ಬಂತು. ಅವಳು ಮೇಲಿನ ಅಕ್ಷರಗಳನ್ನು ನೋಡಿದಳು. ಒಂದರಲ್ಲೂ ಕಪ್ಪು ಕಲೆ ಇರಲಿಲ್ಲ.

"ನಾನು ಪೆನ್ಸಿಲ್ ಚೂಪು ಮಾಡ್ದೆ," ಎಂದಳು.

ಫ್ರಿಂಪಾಂಗ್ ಬಿಸ್ಕೆಟ್ ಪುಡಿ ಹಾರಿಸುತ್ತ ನಕ್ಕ. ಪೊಕುವಾಳೂ ನಕ್ಕಳು, ಎಡಗೈ ಚಾಚಿ ಅವನ ಪೊಟ್ಟಣದಿಂದ ಒಂದು ಬಿಸ್ಕೆಟ್ ತೆಗೆದುಕೊಂಡಳು.